ಸತ್ತ ಮೀಡಿಯಾ ಪ್ಲೇಯರ್, ಒಳಗೆ ಅಪ್ಪನ ಹರಕೆ ಆಟ (ಯಕ್ಷಗಾನ). ಟಿವಿಯಲ್ಲಿ ನೋಡುವುದು ಹೇಗೆ ಮಾರಾಯ್ರೆ?

ಬ್ರಹ್ಮಾವರದವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

2010ರಲ್ಲಿ ಮಾವ ದುಬೈಯಿಂದ ಬರುವಾಗ ಒಂದು ಪೆಟ್ಟಿಗೆ ತಂದಿದ್ದರು. ಹಾರ್ಡ್ ಡಿಸ್ಕ್ ಮತ್ತು ಪ್ಲೇಯರ್ ಎರಡೂ ಒಂದರಲ್ಲೇ, 1 ಟಿಬಿ. ಹಿಂದೆ ಕೆಂಪು-ಹಳದಿ-ಬಿಳಿ ವೈರು, ಒಂದು ಎಚ್‌ಡಿಎಂಐ, ಜೊತೆಗೆ ಅಂಗೈಯಷ್ಟು ರಿಮೋಟ್. ಪೆನ್‌ಡ್ರೈವ್ ಹಾಕಿ ಆ ರಿಮೋಟಿನಲ್ಲೇ ಒಳಗೆ ಕಾಪಿ ಮಾಡಬೇಕಿತ್ತು, ಕಂಪ್ಯೂಟರಿಗೆ ನೇರ ಸಿಕ್ಕಿಸಲಿಕ್ಕೆ ಆಗುತ್ತಿರಲಿಲ್ಲ.

ಅಪ್ಪನಿಗೆ ಈಗ 71. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಮೊಬೈಲಿನಲ್ಲಿ ಗೊತ್ತಿರುವುದು ಎತ್ತುವುದು ಮತ್ತು ಇಡುವುದು. ಆದರೆ ಆ ರಿಮೋಟ್ ಮಾತ್ರ ಕತ್ತಲೆಯಲ್ಲೂ ಒತ್ತುತ್ತಾರೆ. ರಾತ್ರಿ ಊಟ ಆದ ಮೇಲೆ ಒಂದು ಪ್ರಸಂಗ ಹಾಕಿ, ಅರ್ಧಕ್ಕೆ ನಿದ್ದೆ ಹೋಗಿ, ಚೆಂಡೆ ಜೋರಾದಾಗ ಎಚ್ಚರಾಗಿ ಮತ್ತೆ ನೋಡುವುದು ಅವರ ಕ್ರಮ. ಹೋದ ವಾರ ಸಂಜೆ ಸಿಡಿಲು ಬಡಿಯಿತಲ್ಲ, ಆವತ್ತಿನಿಂದ ಪೆಟ್ಟಿಗೆಯಲ್ಲಿ ಲೈಟೇ ಇಲ್ಲ.

ಒಳಗೆ ಇರುವುದು ಹೇಳಿದರೆ ನಿಮಗೆ ನನ್ನ ಅವಸ್ಥೆ ಅರ್ಥ ಆದೀತು. 2006ರಲ್ಲಿ ನಮ್ಮ ಮನೆಯ ಗದ್ದೆಯಲ್ಲಿ ಆದ ಮಂದಾರ್ತಿ ಮೇಳದ ಹರಕೆ ಆಟ, ಅಂದರೆ ದೇವರಿಗೆ ಹರಕೆ ಹೇಳಿ ಆಡಿಸುವ ಯಕ್ಷಗಾನ, ಇಡೀ ರಾತ್ರಿಯದ್ದು. ಹರಕೆ ಹೇಳಿ ವರ್ಷಗಟ್ಟಲೆ ಕಾದು ಸಿಕ್ಕಿದ ಆಟ ಅದು. ಅಕ್ಕನ ಮದುವೆ. ಅಪ್ಪ ಒಟ್ಟು ಮಾಡಿದ ಯಕ್ಷಗಾನ ವಿಸಿಡಿಗಳ ಕಾಪಿ, ಮೂಲ ಸಿಡಿಗಳಿಗೆ ಬೂಸ್ಲು ಬಂದು ಬಿಸಾಡಿ ಆಯಿತು. ಮತ್ತೆ ಅಜ್ಜಿ ಎಲೆ ಅಡಿಕೆ ಗುದ್ದುತ್ತಾ ಮಾತಾಡುವ ಎರಡು ನಿಮಿಷದ ಒಂದು ತುಂಡು. ಅಜ್ಜಿಯ ಸ್ವರ ಉಳಿದಿರುವುದು ಅದೊಂದರಲ್ಲೇ.

ಉಡುಪಿಯಲ್ಲಿ ಎರಡು ಅಂಗಡಿಗೆ ಹೋದೆ. ಇಂಥದ್ದು ಈಗ ಬರುವುದೇ ಇಲ್ಲ, ಆಂಡ್ರಾಯ್ಡ್ ಬಾಕ್ಸ್ ತಗೊಳ್ಳಿ ಎಂದರು. ಟಿವಿ ಹೊಸದೇ, 43 ಇಂಚು, ಎರಡು ಯುಎಸ್‌ಬಿ ಉಂಟು. ಎಂತ ಮಾಡಲಿ?

ಮಣಿಪಾಲ ಹಾಸ್ಟೆಲ್:
ಬ್ರೋ ಈಗ ಯಾರು ಹಾರ್ಡ್ ಡಿಸ್ಕ್ ಇಟ್ಟುಕೊಳ್ಳುತ್ತಾರೆ? ಯಕ್ಷಗಾನ ಯೂಟ್ಯೂಬಿನಲ್ಲಿ ರಾಶಿ ಉಂಟು. ನಿಮ್ಮದನ್ನೂ ಅಲ್ಲೇ ಹಾಕಿ ಪ್ರೈವೇಟ್ ಮಾಡಿ, ಟಿವಿಯಲ್ಲಿ ನಿಮ್ಮ ಅಕೌಂಟಿನಿಂದ ತೆರೆದರೆ ಆಯಿತು.

ಹಳೇ ಕ್ಯಾಮರಾ:
ಹೋಯ್ ತಮ್ಮ, ಅವರ ಡಿಸ್ಕೇ ತೆರೆಯುತ್ತಾ ಇಲ್ಲ, ಎಂತದ್ದನ್ನು ಹಾಕುವುದು? ಅದೂ ಅಲ್ಲದೆ ಯೂಟ್ಯೂಬಿನಲ್ಲಿ ಇರುವ ಆಟ ಬೇರೆ, ಮನೆ ಗದ್ದೆಯಲ್ಲಿ ಆದ ಆಟ ಬೇರೆ. ಎದುರಿನ ಸಾಲಿನಲ್ಲಿ ಚಾಪೆ ಹಾಕಿ ಮಲಗಿದ ಮಕ್ಕಳು, ಚಾ ಕೊಡುವ ಚಿಕ್ಕಪ್ಪ, ಇದೆಲ್ಲ ಯಾವ ಚಾನೆಲ್ಲಿನಲ್ಲಿ ಬರುತ್ತದೆ ಕಾಣುವ. ನಾನು ಕುಂದಾಪುರ ಕಡೆ ಇಪ್ಪತ್ತು ವರ್ಷ ಮದುವೆ, ಆಟ ಎಲ್ಲ ಶೂಟ್ ಮಾಡಿದವನು. ಜನ ಮತ್ತೆ ಮತ್ತೆ ಹಾಕಿ ನೋಡುವುದು ವೇಷವನ್ನಲ್ಲ, ಈಗ ಇಲ್ಲದವರು ಎಲ್ಲಾದರೂ ಒಂದು ಮೂಲೆಯಲ್ಲಿ ಕಾಣುತ್ತಾರಾ ಅಂತ.

ಮಳೆಗಾಲದಲ್ಲಿ ನಿಮ್ಮ ನೆಟ್ ಹೇಗಿರುತ್ತದೆ ಎನ್ನುವುದು ಇನ್ನೊಂದು ಕಥೆ.

ಹಂಪನಕಟ್ಟೆ ಕೇಬಲ್:
@ಬ್ರಹ್ಮಾವರದವ ಅಣ್ಣ, ಹೊಸದು ಕೊಳ್ಳುವ ಮಾತು ಆಮೇಲೆ. ಮೊದಲು ಅಡಾಪ್ಟರ್ ನೋಡಿ. ಸಿಡಿಲಿಗೆ ಹೆಚ್ಚಾಗಿ ಮೊದಲು ಸಾಯುವುದು ಅದೇ. ಅಂಥ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 3.5 ಇಂಚಿನ ಡಿಸ್ಕ್ ಇರುತ್ತದೆ, ಅದು ತಿರುಗಲಿಕ್ಕೆ 12 ವೋಲ್ಟ್ ಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಿಡಿಸಿ ನೋಡಿ. ಹೊಸ ಅಡಾಪ್ಟರ್ ತರುವಾಗ ವೋಲ್ಟೇಜ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಪಿನ್ನಿನ ಪ್ಲಸ್-ಮೈನಸ್ ಚಿತ್ರ ಹಳೆಯದರ ಮೇಲೆ ಇರುತ್ತದೆ, ಅದರ ಹಾಗೇ ಇರಬೇಕು. ಉಲ್ಟಾ ಆದರೆ ಉಳಿದದ್ದೂ ಹೋಗುತ್ತದೆ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಇಂಥ ಪೆಟ್ಟಿಗೆಗಳದ್ದು ಒಂದು ಕಾಲ ಇತ್ತು. ಆಗಿನ ಟಿವಿಗಳ ಯುಎಸ್‌ಬಿಯಲ್ಲಿ ಫೋಟೋ ಮತ್ತು ಹಾಡು ಬಿಟ್ಟರೆ ಹೆಚ್ಚೇನೂ ಓಡುತ್ತಿರಲಿಲ್ಲ. 2008ರಲ್ಲಿ ಡಬ್ಲ್ಯೂಡಿ ಟಿವಿ ಬಂತು, ಅದಕ್ಕೆ ಡಿಸ್ಕನ್ನು ಹೊರಗಿನಿಂದ ಸಿಕ್ಕಿಸಬೇಕು. ಮರುವರ್ಷ ಸೀಗೇಟ್‌ನವರು ಫ್ರೀಏಜೆಂಟ್ ಥಿಯೇಟರ್ ತಂದರು, ಪೋರ್ಟಬಲ್ ಡ್ರೈವನ್ನು ಅದರೊಳಗೆ ತುರುಕಿದರೆ ಆಯಿತು. ಅಯೊಮೆಗಾ ಸ್ಕ್ರೀನ್‌ಪ್ಲೇ, ಪಾಪ್‌ಕಾರ್ನ್ ಅವರ್ ಎಲ್ಲ ಅದೇ ಹೊತ್ತಿನವು. ಗಲ್ಫಿನಿಂದ ಬರುವವರ ಬ್ಯಾಗಿನಲ್ಲಿ ಒಂದಾದರೂ ಇರುತ್ತಿತ್ತು. ಆಮೇಲೆ ಆ ಪೆಟ್ಟಿಗೆಯ ಕೆಲಸ ಪೂರ್ತಿ ಟಿವಿಯೊಳಗೇ ಬಂತು, ಪೆಟ್ಟಿಗೆ ಮಾಯ ಆಯಿತು.

ಅಂದರೆ ನಿಮಗೆ ಈಗ ಪ್ಲೇಯರ್ ಬೇಡ. ನಿಮ್ಮ ಟಿವಿಯೇ ಪ್ಲೇಯರ್. ಬೇಕಾದದ್ದು ಆ ಡಿಸ್ಕಿನ ಒಳಗಿನ ಮಾಲು ಮಾತ್ರ.

ಬ್ರಹ್ಮಾವರದವ:
ಅಡಾಪ್ಟರ್ ಸತ್ತದ್ದು ಹೌದು, ಮೀಟರಿನಲ್ಲಿ ಸೊನ್ನೆ. ಹೊಸದು ಹಾಕಿದೆ. ಲೈಟ್ ಬಂತು, ಫ್ಯಾನ್ ತಿರುಗುತ್ತದೆ, ಟಿವಿಯಲ್ಲಿ ಮಾತ್ರ ಬರೀ ಕಪ್ಪು. ಬೋರ್ಡೂ ಹೋಗಿದೆ ಅನಿಸುತ್ತದೆ. ನಾಲ್ಕು ಸ್ಕ್ರೂ ತೆಗೆದು ಡಿಸ್ಕ್ ಹೊರಗೆ ತೆಗೆದೆ, ಪಕ್ಕದ ಮನೆಯ ಹುಡುಗನ ಹತ್ತಿರ ಸಾಟಾ ಡಾಕ್ (ಬಿಡಿ ಡಿಸ್ಕನ್ನು ಯುಎಸ್‌ಬಿಗೆ ಸಿಕ್ಕಿಸುವ ಸ್ಟ್ಯಾಂಡ್) ಇತ್ತು, ಅದಕ್ಕೆ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಡಿಸ್ಕ್ ತಿರುಗುವ ಸದ್ದು ಸರಿ ಉಂಟು. ಆದರೆ ವಿಂಡೋಸ್ ಕೇಳುತ್ತಿದೆ, ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ.

ಕೈ ನಡುಗುತ್ತಿದೆ ಮಾರಾಯ್ರೆ. ಏನೂ ಒತ್ತದೆ ಹಾಗೇ ಬಿಟ್ಟಿದ್ದೇನೆ.

ಹಂಪನಕಟ್ಟೆ ಕೇಬಲ್:
ಕ್ಯಾನ್ಸಲ್ ಒತ್ತಿ. ಡಿಸ್ಕ್ ತೆಗೆದಿಡಿ. ಇವತ್ತು ಇನ್ನೇನೂ ಮಾಡಬೇಡಿ.

ಬಂಟ್ವಾಳದ ಅಕ್ಕ:
ದಯವಿಟ್ಟು ಒತ್ತಬೇಡಿ. ನಾನು ಒತ್ತಿದವಳು.

ನಮ್ಮದು ಬೇರೆ ರೀತಿ ಆದದ್ದು. ಹೊಸ ಟಿವಿಗೆ ಪೋರ್ಟಬಲ್ ಡ್ರೈವ್ ಹಾಕಿದ ಕೂಡಲೇ ಒಂದು ಪ್ರಶ್ನೆ ಬಂತು, ರೆಕಾರ್ಡಿಂಗಿಗೆ ಈ ಡಿವೈಸನ್ನು ಸಿದ್ಧ ಮಾಡಲಾ ಎನ್ನುವ ಅರ್ಥದ್ದು. ಧಾರಾವಾಹಿ ರೆಕಾರ್ಡ್ ಮಾಡಬಹುದಲ್ಲ ಎಂದು ಖುಷಿಯಲ್ಲಿ ಓಕೆ ಕೊಟ್ಟೆ. ಒಂದು ನಿಮಿಷ ಕೂಡ ಆಗಲಿಲ್ಲ. ಮಗನ ನಾಮಕರಣದಿಂದ ಒಂದನೇ ಕ್ಲಾಸಿನ ಸ್ಕೂಲ್ ಡೇ ತನಕ ಎಲ್ಲ ಹೋಯಿತು. ಯಜಮಾನರು ಇವತ್ತಿನವರೆಗೂ ಒಂದು ಮಾತು ಬೈದಿಲ್ಲ, ಬೈದಿದ್ದರೇ ಒಳ್ಳೆಯದಿತ್ತು.

ಹಂಪನಕಟ್ಟೆ ಕೇಬಲ್:
@ಬಂಟ್ವಾಳದ ಅಕ್ಕ ಇದು ತುಂಬಾ ಜನರಿಗೆ ಆಗುತ್ತದೆ ಅಕ್ಕ. ರೆಕಾರ್ಡಿಂಗ್ ಇರುವ ಟಿವಿಗಳು ಡಿಸ್ಕನ್ನು ಪೂರ್ತಿ ಒರೆಸಿ ತಮ್ಮದೇ ರೀತಿ ಬರೆದುಕೊಳ್ಳುತ್ತವೆ. ಅದರಲ್ಲಿ ರೆಕಾರ್ಡ್ ಆದದ್ದೂ ಸಾಮಾನ್ಯವಾಗಿ ಆ ಒಂದು ಟಿವಿಯಲ್ಲಿ ಬಿಟ್ಟು ಬೇರೆ ಕಡೆ ಓಡುವುದಿಲ್ಲ. ಆಂಡ್ರಾಯ್ಡ್ ಟಿವಿಯಲ್ಲಿ ಇನ್ನೊಂದು ಗುಂಡಿ ಉಂಟು, ಡ್ರೈವನ್ನು ಡಿವೈಸ್ ಸ್ಟೋರೇಜ್ ಮಾಡಲಾ ಎಂದು ಕೇಳುತ್ತದೆ. ಅದಕ್ಕೂ ಹೌದು ಎಂದರೆ ಅದೇ ಗತಿ. ಆ ಡ್ರೈವ್ ಮೇಲೆ ಆಮೇಲೆ ಏನೂ ರೆಕಾರ್ಡ್ ಮಾಡದೆ ಇಟ್ಟಿದ್ದರೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಂಗಳಲ್ಲಿ ಒಮ್ಮೆ ಹುಡುಕಿಸಬಹುದು. ಹೆಸರೆಲ್ಲ ಹೋಗಿ ಬರೀ ನಂಬರಿನ ಫೈಲ್ ಆಗಿ ಬರಬಹುದು, ಆದರೂ ಬಂದದ್ದು ಬಂತು.

@ಬ್ರಹ್ಮಾವರದವ ಈಗ ನಿಮ್ಮದು. ಕಂಪ್ಯೂಟರಿಗೆ ನೇರ ಸಿಕ್ಕಿಸಲಿಕ್ಕೆ ಆಗುತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಡಿಸ್ಕನ್ನು ಆ ಪ್ಲೇಯರೇ ಫಾರ್ಮ್ಯಾಟ್ ಮಾಡಿದೆ ಎಂದಾಯಿತು. ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗೆ ಓಡುತ್ತಿದ್ದದ್ದು ಲಿನಕ್ಸ್, ವಿಂಡೋಸಿನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಡಿಸ್ಕ್ ಬರೆಯುತ್ತಿದ್ದದ್ದು ಇಎಕ್ಸ್‌ಟಿ3 ರೀತಿಯಲ್ಲಿ. ವಿಂಡೋಸಿಗೆ ಆ ಲಿಪಿ ಓದಲಿಕ್ಕೆ ಬರುವುದಿಲ್ಲ. ಓದಲಿಕ್ಕೆ ಬಾರದವನು ಪುಸ್ತಕ ಖಾಲಿ ಎಂದು ಹೇಳಿದ ಹಾಗೆ, ಒರೆಸಲಾ ಎಂದು ಕೇಳುತ್ತದೆ.

ಮಾಡಬೇಕಾದದ್ದು ಇಷ್ಟು. ಒಂದು ಪೆನ್‌ಡ್ರೈವಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ (ಎರಡೂ ಲಿನಕ್ಸೇ) ಹಾಕಿ, ಲ್ಯಾಪ್‌ಟಾಪನ್ನು ಅದರಿಂದ ಆನ್ ಮಾಡಿ. ಇನ್‌ಸ್ಟಾಲ್ ಮಾಡಬೇಡಿ, ಸುಮ್ನೆ ಟ್ರೈ ಎಂಬುದನ್ನು ಒತ್ತಿ. ಡಿಸ್ಕ್ ಅಲ್ಲಿ ತನ್ನಷ್ಟಕ್ಕೆ ಕಾಣಬೇಕು. ಹಾಗೆ ಕಂಡರೆ ಏನನ್ನೂ ತೆರೆದು ನೋಡುತ್ತಾ ಕೂರಬೇಡಿ, ಮೊದಲು ಹೊಸ ಡ್ರೈವಿಗೆ ಕಾಪಿ. ಟಿಕ್ ಟಿಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ಹೇಳಿ, ಆಗ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಹಾಕಿ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವ.

ದುಬೈ-ಕಾಪು:
ಹೊಸ ಡ್ರೈವ್ ತಗೊಳ್ಳುವಾಗ ಒಂದು ವಿಷಯ. ಟಿವಿಗೆ ಹಾಕುವುದಾದರೆ 2.5 ಇಂಚಿನ ಪೋರ್ಟಬಲ್ಲೇ ತಗೊಳ್ಳಿ, ಅದು ಯುಎಸ್‌ಬಿಯ 5 ವೋಲ್ಟಿನಲ್ಲೇ ಓಡುತ್ತದೆ, ಇನ್ನೊಂದು ಅಡಾಪ್ಟರಿನ ತಲೆನೋವು ಇಲ್ಲ.

ಆದರೆ ಅದರಲ್ಲೂ ಒಂದು ಸಿಕ್ಕು ಉಂಟು. ಊರಿನ ಮನೆಯ ಟಿವಿಗೆ ನಾನು ತಂದ ಡ್ರೈವ್ ಹಾಕಿದರೆ ಲೈಟ್ ಮಿಣಮಿಣ ಅನ್ನುವುದು, ಟಕ್ ಎಂದು ಸದ್ದು, ಹೋಗುವುದು, ಮತ್ತೆ ಬರುವುದು. ಡ್ರೈವ್ ಹಾಳು ಎಂದು ಕಂಪನಿಯವರಿಗೆ ಮನಸಾರೆ ಬೈದೆ. ಕಾರಣ ಎಂತ ಗೊತ್ತುಂಟಾ, ಯುಎಸ್‌ಬಿ 2 ತೂತಿನಿಂದ ನಿಯಮದ ಪ್ರಕಾರ ಸಿಗುವುದು 500 ಮಿಲಿಆಂಪ್, ಯುಎಸ್‌ಬಿ 3ರಿಂದ 900. ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡಿಗೆ ಒಂದು ಆಂಪಿಯರಿನ ಹತ್ತಿರ ಬೇಕಾಗುತ್ತದೆ. ಎರಡು ತೂತು ಇರುವ ಟಿವಿಯಲ್ಲಿ ಒಂದರ ಪಕ್ಕ ಎಚ್‌ಡಿಡಿ 5ವಿ 1ಎ ಎಂದು ಸಣ್ಣದಾಗಿ ಬರೆದಿರುವುದುಂಟು, ಅದಕ್ಕೇ ಹಾಕಿ. ಇಲ್ಲದಿದ್ದರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್. ಉದ್ದದ ಎಕ್ಸ್‌ಟೆನ್ಶನ್ ವೈರ್ ಮಾತ್ರ ಬೇಡ, ವೈರ್ ಉದ್ದ ಆದಷ್ಟೂ ವೋಲ್ಟೇಜ್ ಇಳಿಯುತ್ತದೆ.

ವೇಗದ ಚಿಂತೆ ಬೇಡ. ಯುಎಸ್‌ಬಿ 2 ಆದರೂ ಸೆಕೆಂಡಿಗೆ 30 ಎಂಬಿ ಕೊಡುತ್ತದೆ, ಡಿವಿಡಿಯಂಥ ವಿಡಿಯೋಗೆ ಒಂದು ಎಂಬಿ ಸಾಕು.

ಮಣಿಪಾಲ ಹಾಸ್ಟೆಲ್:
ಎಸ್‌ಎಸ್‌ಡಿ ತಗೊಂಡರೆ ಈ ತಿರುಗುವ ರಗಳೆಯೇ ಇಲ್ಲವಲ್ಲ?

ದುಬೈ-ಕಾಪು:
ಹೌದು ತಮ್ಮ, ದುಡ್ಡು ನೀನು ಕೊಡುವುದಾದರೆ.

ಬ್ರಹ್ಮಾವರದವ:
ಬಂತು!!! ಎಲ್ಲ ಉಂಟು!

ನಿನ್ನೆ ರಾತ್ರಿ ಮಿಂಟ್ ಹಾಕಿ ಆನ್ ಮಾಡಿದೆ. ಇಎಕ್ಸ್‌ಟಿ3 ಎಂದೇ ತೋರಿಸಿತು. ಒಟ್ಟು 640 ಜಿಬಿ. ಹೊಸ 2 ಟಿಬಿ ಡ್ರೈವಿಗೆ ಕಾಪಿ ಹಾಕಿ ಕೂತೆ, ಡಾಕ್ ಹಳೇ ಯುಎಸ್‌ಬಿ 2ರದ್ದು ಆದ ಕಾರಣ ಐದೂವರೆ ಗಂಟೆ ಹಿಡಿಯಿತು. ನಡುವೆ ಕರೆಂಟ್ ಹೋಯಿತು, ಇನ್ವರ್ಟರ್ ಇದ್ದ ಕಾರಣ ಬಚಾವ್. ಬೆಳಿಗ್ಗೆ ಅಪ್ಪ ಎದ್ದು ನೋಡುವಾಗ ನಾನು ಡೈನಿಂಗ್ ಟೇಬಲ್ ಮೇಲೆ ತಲೆ ಇಟ್ಟು ಮಲಗಿದ್ದೆ.

ಈಗ ಹೊಸ ತಾಪತ್ರಯ. ಟಿವಿಗೆ ಹಾಕಿದರೆ ಅರ್ಧ ಫೈಲ್ ಕಾಣುವುದೇ ಇಲ್ಲ. ಕೆಲವು ಕಾಣುತ್ತವೆ, ಓಡುವುದಿಲ್ಲ. ಎರಡು ಸಿನಿಮಾಗಳಿಗೆ ಚಿತ್ರ ಬರುತ್ತದೆ, ಸ್ವರ ಇಲ್ಲ. ಅಕ್ಕನ ಮದುವೆಯಲ್ಲಿ ಭಾವ ಎರಡು ಪಟ್ಟು ದಪ್ಪ ಕಾಣುತ್ತಾರೆ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳೆಲ್ಲ ಚೌಕ ಚೌಕ. ಅಜ್ಜಿಯ ತುಂಡು ಓಡುವುದಿಲ್ಲ.

ಹೊಸ ಡ್ರೈವ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಉಂಟು. ಅದು ಸರಿಯಾ?

ಹಂಪನಕಟ್ಟೆ ಕೇಬಲ್:
ಅಬ್ಬಾ, ಖುಷಿ ಆಯಿತು. ಹಳೇ ಡಿಸ್ಕನ್ನು ಹಾಗೇ ಕಟ್ಟಿ ಇಡಿ, ಒರೆಸಬೇಡಿ.

ಟಿವಿ ಓದುತ್ತದಾದರೆ ಎಕ್ಸ್‌ಫ್ಯಾಟ್ ಸಾಕು, ಬದಲಿಸುವ ಕೆಲಸ ಇಲ್ಲ. ಹಳೇ ಟಿವಿಗಳಿಗೆ ಎಕ್ಸ್‌ಫ್ಯಾಟ್ ಗೊತ್ತಿಲ್ಲ, ಅಲ್ಲಿ ಎನ್‌ಟಿಎಫ್‌ಎಸ್ ನಡೆಯುತ್ತದೆ. ಫ್ಯಾಟ್32 ಎಲ್ಲ ಕಡೆ ಓಡುತ್ತದೆ, ಆದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಮ್ಯಾಕ್ ಇರುವವರು ಅದರದ್ದೇ ಫಾರ್ಮ್ಯಾಟ್ ಮಾಡಿ ಟಿವಿಗೆ ಹಾಕಿ ಕಾಣುವುದಿಲ್ಲ ಎಂದು ಬರುತ್ತಾರೆ, ಕಾಣುವುದಿಲ್ಲ. ಇನ್ನೊಂದು, ಪಾರ್ಟಿಷನ್ ಪಟ್ಟಿ (ಡಿಸ್ಕಿನ ಭಾಗಗಳ ಲೆಕ್ಕ) ಹೊಸ ಜಿಪಿಟಿ ರೀತಿಯದ್ದು ಆಗಿದ್ದರೆ ಕೆಲವು ಟಿವಿಗಳು ಡ್ರೈವ್ ಖಾಲಿ ಎನ್ನುತ್ತವೆ. 2 ಟಿಬಿ ತನಕ ಹಳೇ ಎಂಬಿಆರ್ ಸಾಕು.

ಎಕ್ಸ್‌ಫ್ಯಾಟ್‌ನಲ್ಲಿ ಒಂದು ಎಚ್ಚರಿಕೆ ಬೇಕು. ಬರೆಯುತ್ತಿರುವಾಗ ಕರೆಂಟ್ ಹೋದರೆ ಎನ್‌ಟಿಎಫ್‌ಎಸ್ ಸುಧಾರಿಸಿಕೊಳ್ಳುವಷ್ಟು ಅದು ಸುಧಾರಿಸಿಕೊಳ್ಳುವುದಿಲ್ಲ. ಟಿವಿ ಹೆಚ್ಚಾಗಿ ಓದುವುದು ಮಾತ್ರ, ಹಾಗಾಗಿ ದೊಡ್ಡ ಭಯ ಇಲ್ಲ. ಆದರೂ ಎಳೆಯುವ ಮೊದಲು ಟಿವಿ ಆಫ್ ಮಾಡಿ ಅಥವಾ ಮೆನುವಿನಲ್ಲಿ ರಿಮೂವ್ ಕೊಡಿ.

ಸ್ವರ ಇಲ್ಲದ ಸಿನಿಮಾ ಹೆಚ್ಚಾಗಿ ಡಿಟಿಎಸ್ ಆಡಿಯೋ. ಅದಕ್ಕೆ ಲೈಸೆನ್ಸ್ ದುಡ್ಡು ಕೊಡಬೇಕು, ಹಾಗಾಗಿ ಟಿವಿ ಕಂಪನಿಗಳು ಬಿಡುತ್ತಾ ಬಂದವು. ಸ್ಯಾಮ್‌ಸಂಗ್ 2018ರ ಮಾಡೆಲ್‌ಗಳಿಂದ ಬಿಟ್ಟಿತು, ಎಲ್‌ಜಿ 2020ರಲ್ಲಿ ಬಿಟ್ಟು 2023ರಲ್ಲಿ ಕೆಲವದರಲ್ಲಿ ವಾಪಸ್ ತಂದಿತು. ಹಳೇ ಟಿವಿಯಲ್ಲಿ ಓಡಿದ ಫೈಲ್ ಹೊಸ ಟಿವಿಯಲ್ಲಿ ಮೂಕ ಆಗುವುದು ಹೀಗೆ. ಚಿತ್ರವನ್ನು ಮುಟ್ಟದೆ ಆಡಿಯೋವನ್ನು ಮಾತ್ರ ಎಸಿ3 ಎಂಬ ಇನ್ನೊಂದು ರೀತಿಗೆ ಬದಲಿಸಿದರೆ ಕೆಲಸ ಆಯಿತು. ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನಲ್ಲಿ ಒಂದು ಸಿನಿಮಾಗೆ ಕೆಲವು ನಿಮಿಷ ಸಾಕು.

ಹಳೇ ಕ್ಯಾಮರಾ:
ಉಳಿದದ್ದು ನನ್ನ ಇಲಾಖೆ, ನಾನು ಹೇಳುತ್ತೇನೆ ಕಾಣಿ.

ಕಾಣದೇ ಇರುವ ಫೈಲುಗಳು ವಿಸಿಡಿಯಿಂದ ಬಂದದ್ದು, ಹೆಸರಿನ ಕೊನೆಗೆ ಡಿಎಟಿ ಇರಬೇಕು. ಅದರ ಒಳಗೆ ಇರುವುದು ಎಂಪೆಗ್-1 ವಿಡಿಯೋ, 352 ಅಡ್ಡ 288 ಉದ್ದ. ಟಿವಿಗೆ ಡಿಎಟಿ ಎಂದರೆ ಎಂತ ಅಂತ ಗೊತ್ತಿಲ್ಲ. ಕೊನೆಯ ಡಿಎಟಿ ತೆಗೆದು ಎಂಪಿಜಿ ಎಂದು ಹೆಸರು ಬದಲಿಸಿ, ಹೆಚ್ಚಿನವು ಅಷ್ಟಕ್ಕೇ ಓಡುತ್ತವೆ. ಓಡದೇ ಹಟ ಮಾಡಿದ್ದನ್ನು ಮಾತ್ರ ಎಫ್‌ಎಫ್‌ಎಂಪೆಗ್‌ನಲ್ಲಿ ಹೊಸ ಹೊದಿಕೆ ಹಾಕಿ, ಒಳಗಿನ ವಿಡಿಯೋ ಹಾಗೇ, ಫೈಲಿನ ರೀತಿ ಮಾತ್ರ ಬೇರೆ. 43 ಇಂಚಿನಲ್ಲಿ ಕಿರೀಟದ ಕೆಲಸ ಎಲ್ಲ ಮಸುಕಾಗಿ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಆ ಸಿಡಿಯಲ್ಲಿ ಇದ್ದದ್ದೇ ಅಷ್ಟು.

ನಿಮ್ಮ ಹರಕೆ ಆಟ ಡಿವಿಡಿಯಿಂದ ಬಂದದ್ದಾದರೆ ವಿಒಬಿ ತುಂಡುಗಳು ಇರುತ್ತವೆ, ಒಂದೊಂದು 1 ಜಿಬಿಯದ್ದು. ತುಂಡು ಮುಗಿದಲ್ಲಿ ಟಿವಿ ಒಂದು ಕ್ಷಣ ಕಪ್ಪಾಗುತ್ತದೆ, ಅದೂ ಸರಿಯಾಗಿ ಭಾಗವತರು ಪದ ಎತ್ತುವಲ್ಲಿಗೇ ಬಂದು ನಿಲ್ಲುತ್ತದೆ. ಎಂಕೆವಿಟೂಲ್‌ನಿಕ್ಸ್ ಎಂಬ ಪ್ರೋಗ್ರಾಂನಲ್ಲಿ ಜೋಡಿಸಿ ಒಂದೇ ಎಂಕೆವಿ ಫೈಲ್ ಮಾಡಿ. ಮತ್ತೆ ಎನ್‌ಕೋಡ್ ಮಾಡುವುದಲ್ಲ, ಸುಮ್ನೆ ಹೊಲಿಯುವುದು. ಗುಣಮಟ್ಟ ಒಂದು ಚೂರೂ ಹೋಗುವುದಿಲ್ಲ.

ನಿಮ್ಮ ಭಾವ ದಪ್ಪ ಆಗಿಲ್ಲ. ಆಗಿನ ಶೂಟಿಂಗ್ 4:3, ಈಗಿನ ಟಿವಿ 16:9, ಎಳೆದು ಹಾಕಿದೆ. ಟಿವಿಯ ಪಿಕ್ಚರ್ ಸೈಜಿನಲ್ಲಿ 4:3 ಅಥವಾ ಒರಿಜಿನಲ್ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಒಂದು ಗುಟ್ಟು ಹೇಳಲಾ, ಮದುವೆ ವಿಡಿಯೋ ಕೊಡುವಾಗ ಪೂರ್ತಿ ಟಿವಿ ತುಂಬಬೇಕು ಎಂದು ಜಗಳ ಮಾಡಿದವರಿಗೆ ನಾನೇ ಎಳೆದು ಕೊಟ್ಟದ್ದುಂಟು. ಆಮೇಲೆ ಮದುಮಗಳು ಫೋನ್ ಮಾಡಿ ನನಗೇ ಬೈದಳು.

ಅಜ್ಜಿಯ ತುಂಡು ಯಾವುದರಲ್ಲಿ ತೆಗೆದದ್ದು? ಕೀಪ್ಯಾಡ್ ಮೊಬೈಲಾ?

ಬ್ರಹ್ಮಾವರದವ:
ಹೌದು, ಚಿಕ್ಕಪ್ಪನ ಹಳೇ ನೋಕಿಯಾ. ಕೊನೆಗೆ 3ಜಿಪಿ ಎಂದುಂಟು. ಪೆಟ್ಟಿಗೆಯಲ್ಲೂ ಅದು ಯಾವತ್ತೂ ಓಡಿರಲಿಲ್ಲ ಎಂದು ಅಪ್ಪ ಈಗ ಹೇಳುತ್ತಾರೆ. ಇಷ್ಟು ವರ್ಷ ಹೇಳಿಯೇ ಇರಲಿಲ್ಲ.

ಹಳೇ ಕ್ಯಾಮರಾ:
ಹಾಗಾದರೆ ಅದು ಎಚ್.263 ಚಿತ್ರ, ಎಎಂಆರ್ ಸ್ವರ ಆಗಿರಬೇಕು. ಫೋನ್ ಕರೆಯ ಸ್ವರಕ್ಕೆಂದು ಮಾಡಿದ ಆಡಿಯೋ ಅದು, ಟಿವಿಗಳು ಅದನ್ನು ತೆಗೆದುಕೊಳ್ಳುವುದು ಕಡಿಮೆ. ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಂನಲ್ಲಿ ಹಾಕಿ ಎಚ್.264, ಎಎಸಿ ಎಂದು ಕೊಟ್ಟು ಎಂಪಿ4 ಮಾಡಿ. ದೊಡ್ಡದು ಮಾಡಲಿಕ್ಕೆ ಹೋಗಬೇಡಿ, ಟಿವಿಯೇ ಎಳೆದುಕೊಳ್ಳುತ್ತದೆ. ಮೂಲ 3ಜಿಪಿಯನ್ನು ಅಳಿಸಬೇಡಿ.

ಮಣಿಪಾಲ ಹಾಸ್ಟೆಲ್:
ನಾನು ಈಗ ಸೀರಿಯಸ್ಸಾಗಿ ಒಂದು ಹೇಳುತ್ತೇನೆ, ಯೂಟ್ಯೂಬ್ ಅಂತ ಬೈಯಬೇಡಿ. ಇಷ್ಟೆಲ್ಲ ಬದಲಿಸುವ ಬದಲು ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಎಂಬ ಪ್ರೋಗ್ರಾಂ ಹಾಕಿ ಡ್ರೈವನ್ನು ಅದಕ್ಕೆ ಸಿಕ್ಕಿಸಿ ಇಟ್ಟರೆ ಆಯಿತು. ಉಚಿತ. ಟಿವಿಗೆ ಓಡದೇ ಇರುವುದನ್ನು ಅದೇ ಆಗಿಂದಾಗ ಬದಲಿಸಿ ವೈಫೈಯಲ್ಲಿ ಕಳಿಸುತ್ತದೆ. ಪೋಸ್ಟರ್ ಎಲ್ಲ ಹಾಕಬಹುದು, ಎಲ್ಲಿ ನಿಲ್ಲಿಸಿದ್ದೋ ಅಲ್ಲಿಂದ ಶುರು ಆಗುತ್ತದೆ. ಅಂಕಲ್ ನಿದ್ದೆ ಹೋದರೂ ತೊಂದರೆ ಇಲ್ಲ.

ದುಬೈ-ಕಾಪು:
ಇದು ಒಳ್ಳೆಯ ಮಾತು. ನಾನು ಇಲ್ಲಿ ಅದನ್ನೇ ಇಟ್ಟಿದ್ದೇನೆ. ಆದರೆ ಊರಿನಲ್ಲಿ ಅಮ್ಮನಿಗೆ ಮಾಡಿ ಕೊಟ್ಟು ಮೂರು ತಿಂಗಳಲ್ಲಿ ತೆಗೆದೆ. ಕರೆಂಟ್ ಹೋಗಿ ಬಂದರೆ ರೂಟರ್ ಎದ್ದರೂ ಲ್ಯಾಪ್‌ಟಾಪ್ ಏಳುವುದಿಲ್ಲ, ಅಮ್ಮ ನನಗೆ ಫೋನ್ ಮಾಡುವುದು, ನಾನು ಡ್ಯೂಟಿಯಲ್ಲಿ ಇರುವುದು. ಈಗ ಒಂದು ಡ್ರೈವ್, ಒಂದು ವೈರ್. ಹಾಳಾದರೆ ಎಂತ ಹಾಳಾಯಿತು ಎಂದು ಅಮ್ಮನಿಗೂ ಗೊತ್ತಾಗುತ್ತದೆ.

ಬಂಟ್ವಾಳದ ಅಕ್ಕ:
ಚೌಕ ಚೌಕ ಕಾಣುವುದಕ್ಕೆ ನಾನು ಉತ್ತರ ಹೇಳುತ್ತೇನೆ, ನಮ್ಮಲ್ಲೂ ಹಾಗೇ ಇತ್ತು. ಟಿವಿಯ ಒಳಗೆ ಕನ್ನಡ ಅಕ್ಷರ ಇಲ್ಲದಿದ್ದರೆ ಹಾಗೆ. ಸಬ್‌ಟೈಟಲ್ಲಿಗೂ ಅದೇ ರೋಗ. ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ರೀತಿಯಲ್ಲಿ ಉಳಿಸಿದರೆ ಕೆಲವು ಟಿವಿಗಳಲ್ಲಿ ಸರಿ ಆಗುತ್ತದೆ, ಅಕ್ಷರವೇ ಇಲ್ಲದ ಟಿವಿಯಲ್ಲಿ ಏನು ಮಾಡಿದರೂ ಇಲ್ಲ. ಆಂಡ್ರಾಯ್ಡ್ ಟಿವಿ ಆದರೆ ವಿಎಲ್‌ಸಿ ಹಾಕಿ ನೋಡಿ, ಅದರಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ. ನಾನು ಅತ್ತೆಗೋಸ್ಕರ ಎಲ್ಲ ಹೆಸರು ತೆಗೆದು ಬರೀ ನಂಬರ್ ಹಾಕಿದೆ. 001, 002 ಹೀಗೆ. ಮುಂದೆ ಸೊನ್ನೆ ಹಾಕಲೇಬೇಕು, ಇಲ್ಲದಿದ್ದರೆ ಕೆಲವು ಟಿವಿಗಳು 1 ಆದ ಮೇಲೆ 10ಕ್ಕೆ ಹಾರುತ್ತವೆ.

ಹಾಗೇ ಡ್ರೈವನ್ನು ಟಿವಿಯ ಹಿಂದೆ ನೇತಾಡಿಸಬೇಡಿ. ಪ್ಲಗ್ ಸಡಿಲ ಆಗಿ ಒಂದು ದಿನ ಬೀಳುತ್ತದೆ. ಮಳೆಗಾಲದಲ್ಲಿ ಬಳಸದೇ ಇಡುವುದಾದರೆ ಗಾಳಿ ಹೋಗದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನಮ್ಮ ಕಡೆಯ ಥಂಡಿ ನಿಮಗೇ ಗೊತ್ತುಂಟಲ್ಲ, ಚಪ್ಪಲಿಗೇ ಬೂಸ್ಲು ಬರುತ್ತದೆ.

ಹಂಪನಕಟ್ಟೆ ಕೇಬಲ್:
ಸಿಡಿಲು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆಯಿರಿ. ಕೇಬಲ್ ಅಥವಾ ಡಿಶ್ ವೈರನ್ನೂ ತೆಗೆಯಿರಿ. ಅಡಾಪ್ಟರ್ ಒಂದೇ ಅಲ್ಲ, ನಿಮ್ಮಲ್ಲಿ ಬೋರ್ಡೂ ಹೋಗಿದೆ ಎಂದರೆ ಆ ದಾರಿಯಿಂದ ಟಿವಿ ಮೂಲಕ ಎಚ್‌ಡಿಎಂಐಗೂ ಬಂದಿರಬಹುದು.

ಮತ್ತೆ ಹೊಸ ಡ್ರೈವಿನ ಬಗ್ಗೆ. ಈಗಿನ ಕೆಲವು ಪೋರ್ಟಬಲ್‌ಗಳಲ್ಲಿ ಯುಎಸ್‌ಬಿ ತೂತು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ನಿಮ್ಮ ಹಳೇ ಪೆಟ್ಟಿಗೆಯಿಂದ ಡಿಸ್ಕ್ ತೆಗೆದು ಡಾಕಿಗೆ ಹಾಕಿದಿರಲ್ಲ, ಆ ಉಪಾಯ ಇದರಲ್ಲಿ ನಡೆಯುವುದಿಲ್ಲ. ಹಾಗಾಗಿ ಇನ್ನೊಂದು ಕಾಪಿ ಬೇರೆ ಮನೆಯಲ್ಲಿ ಇರಲಿ.

ಬ್ರಹ್ಮಾವರದವ:
ಒಂದು ವಾರ ಆಯಿತು, ಹೇಳಲಿಕ್ಕೆ ತಡ ಆಯಿತು.

ಡಿಎಟಿ ಫೈಲ್ 84 ಇತ್ತು. ಹೆಸರು ಬದಲಿಸಿದ ಕೂಡಲೇ 79 ಓಡಿದವು, ಉಳಿದ ಐದಕ್ಕೆ ಹೊದಿಕೆ ಹಾಕಿದೆ. ಆಟ ಹೊಲಿದು ಆಯಿತು, ಐದು ಡಿವಿಡಿಗೆ ಐದು ಫೈಲ್. ಎಲ್ಲ ಒಂದೇ ಮಾಡುವ ಎಂದಿದ್ದೆ, ಅಪ್ಪ ಬೇಡ ಎಂದರು. ನಮ್ಮ ಟಿವಿ ನಿಲ್ಲಿಸಿದ ಜಾಗ ನೆನಪಿಡುವುದಿಲ್ಲ, ಎಂಟು ಗಂಟೆಯ ಫೈಲಿನಲ್ಲಿ ಬೆಳಗಿನ ಜಾವದ ಭಾಗಕ್ಕೆ ಹೋಗಬೇಕಾದರೆ ಗುಂಡಿ ಒತ್ತಿ ಹಿಡಿದು ಬೆರಳು ಸೋಲುತ್ತದೆ.

ನಂಬರಿನ ಉಪಾಯ ಅಪ್ಪನಿಗೆ ಭಾರೀ ಇಷ್ಟ ಆಯಿತು. ಹಾಲಿನ ಡೈರಿಯ ಲೆಕ್ಕ ಬರೆಯುತ್ತಿದ್ದ ಉದ್ದದ ಪುಸ್ತಕ ತೆಗೆದು, ಒಂದು ಸಾಲಿಗೆ ಒಂದು ನಂಬರ್, ಎದುರಿಗೆ ಪ್ರಸಂಗದ ಹೆಸರು, ಯಾರ ಭಾಗವತಿಕೆ, ಯಾವ ವೇಷ ಯಾರದ್ದು, ಎಷ್ಟನೇ ನಿಮಿಷಕ್ಕೆ ಒಳ್ಳೆಯ ಪದ ಬರುತ್ತದೆ ಎಂದೆಲ್ಲ ಬರೆಯುತ್ತಿದ್ದಾರೆ. 31ರ ತನಕ ಆಗಿದೆ. 22ರ ಎದುರಿಗೆ ಬೇಡ ಎಂದು ಮಾತ್ರ ಬರೆದಿದ್ದಾರೆ. ಕೇಳಿದರೆ, ಆವತ್ತು ಭಾಗವತರ ಗಂಟಲು ಸರಿ ಇರಲಿಲ್ಲ ಎಂದರು.

ಅಜ್ಜಿಯದ್ದು 001. ಮೊದಲು ಓಡಿಸಿದ್ದು ಅದನ್ನೇ. ಟಿವಿಯಲ್ಲಿ ಮುಖ ಎಲ್ಲ ಚೌಕಾಕಾರ, ಕಣ್ಣು ಮೂಗು ಗೊತ್ತಾಗುವುದಿಲ್ಲ. ಸ್ವರ ಮಾತ್ರ ಸ್ಪಷ್ಟ. ಅಡಿಕೆ ಸಾಲದು, ಒಳಗಿನಿಂದ ತಾ ಎಂದು ಯಾರಿಗೋ ಹೇಳುತ್ತಾರೆ. ಅದು ನನಗೆ ಎಂದು ಅಪ್ಪ ಹೇಳಿದರು. ಮತ್ತೆ ಒಂದು ಸಲ ಹಾಕು ಎಂದರು.

ಎರಡನೇ ಕಾಪಿ ಅಕ್ಕನ ಮನೆಗೆ ಬೆಂಗಳೂರಿಗೆ ಹೋಯಿತು.

ದುಬೈ-ಕಾಪು:
ನಿಮ್ಮ ಮಾವನಿಗೂ ಒಂದು ಫೋನ್ ಮಾಡಿ ಹೇಳಿ ಮಾರಾಯ್ರೆ. ಆ ಪೆಟ್ಟಿಗೆಯನ್ನು ಹ್ಯಾಂಡ್ ಲಗೇಜಿನಲ್ಲಿ ತಂದಿರುತ್ತಾರೆ, ಕಸ್ಟಮ್ಸಿನಲ್ಲಿ ಬಿಚ್ಚಿಸಿರುತ್ತಾರೆ, ನನಗೆ ಗೊತ್ತು.

ಹಳೇ ಕ್ಯಾಮರಾ:
ಒಂದು ಕೇಳಲಾ. 2006ರ ಆಟ ಎಂದರೆ ಅದು ಡಿವಿಡಿಯಲ್ಲಿ ಹುಟ್ಟಿದ್ದಲ್ಲ, ಮಿನಿ ಡಿವಿ ಟೇಪಿನಲ್ಲಿ ತೆಗೆದದ್ದು ಆಗಿರಬೇಕು. ಒಂದು ಟೇಪಿಗೆ ಒಂದು ಗಂಟೆ, ಗಂಟೆಗೆ 13 ಜಿಬಿ. ನಿಮ್ಮ ಡಿವಿಡಿ ಆ ಟೇಪನ್ನು ಹಿಂಡಿ ಮಾಡಿದ್ದು, ಗಂಟೆಗೆ ಎರಡು-ಮೂರು ಜಿಬಿ ಇದ್ದರೆ ಹೆಚ್ಚು. ಟೇಪ್ ಸಿಕ್ಕಿದರೆ ಕಿರೀಟದ ಮಿಣುಕು ಎಲ್ಲ ಬೇರೆಯೇ ಕಾಣುತ್ತದೆ. ಮನೆಗೆ ಕೊಟ್ಟಿದ್ದರೇನೋ, ಅಟ್ಟ ಹುಡುಕಿ ಕಾಣಿ.

ಬ್ರಹ್ಮಾವರದವ:
ಹುಡುಕಿದೆ. ಬಾದಾಮಿ ಬಿಸ್ಕತ್ತಿನ ಡಬ್ಬಿಯಲ್ಲಿ ಏಳು ಟೇಪ್ ಉಂಟು. ಎಂಟನೆಯದು ಇಲ್ಲ. ಒಂದರ ಒಳಗೆ ಬಿಳಿ ಬಿಳಿ ಕಾಣುತ್ತದೆ, ಬೂಸ್ಲು ಇರಬೇಕು.

ಹಳೇ ಕ್ಯಾಮರಾ:
ಆ ಒಂದನ್ನು ಯಾವ ಕ್ಯಾಮರಾಕ್ಕೂ ಹಾಕಬೇಡಿ, ಹೆಡ್ಡಿಗೆ ಹಿಡಿದರೆ ಉಳಿದ ಟೇಪನ್ನೂ ಕೆಡಿಸುತ್ತದೆ. ಉಳಿದ ಆರು ತನ್ನಿ. ಕ್ಯಾಮರಾ ನನ್ನ ಹತ್ತಿರ ಈಗಲೂ ಓಡುತ್ತದೆ. ಆದರೆ ಟೇಪಿನದ್ದನ್ನು ಕಂಪ್ಯೂಟರಿಗೆ ಇಳಿಸಲಿಕ್ಕೆ ಬೇಕಾದ ಫೈರ್‌ವೈರ್ ತೂತು ಇದ್ದ ನನ್ನ ಕಂಪ್ಯೂಟರ್ ಗುಜರಿಗೆ ಹೋಗಿ ಎರಡು ವರ್ಷ ಆಯಿತು. ಮಂಗಳೂರು, ಉಡುಪಿ ಕಡೆ ಯಾರ ಹತ್ತಿರವಾದರೂ ಉಂಟಾ?

ಮಣಿಪಾಲ ಹಾಸ್ಟೆಲ್:
ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಹಳೇ ಪಿಸಿ ಬಿದ್ದಿದೆ. ಆ ತೂತು ನೋಡಲಿಕ್ಕೆ ಹೇಗಿರುತ್ತದೆ? ಫೋಟೋ ಹಾಕಿ, ನಾಳೆ ನೋಡಿ ಹೇಳುತ್ತೇನೆ.